ಕಾಲುವೆ ದಂಡೆಯನ್ನು ಸೈಕಲ್ಲಿಗೆ ಬಿಟ್ಟುಕೊಡಿ

ಯಾದಗಿರಿ ಜಿಲ್ಲೆಯ ಪ್ರವಾಸೋದ್ಯಮದ ಮಾತು ಎದ್ದಾಗಲೆಲ್ಲ ಒಂದೇ ಕೊರಗು ಕೇಳಿಬರುತ್ತದೆ. ವಿಜಯಪುರಕ್ಕೆ ಗೋಳಗುಮ್ಮಟವಿದೆ, ಬೀದರ್‌ಗೆ ಕೋಟೆಯಿದೆ, ಕಲಬುರಗಿಗೆ ಬಂದೇನವಾಜರ ದರ್ಗಾ ಇದೆ, ನಮಗೇನಿದೆ? ಈ ಕೊರಗಿಗೆ ಆಧಾರವಿಲ್ಲ. ಯಾದಗಿರಿ, ಶಹಾಪುರ, ಸುರಪುರ ಸೀಮೆಯಲ್ಲಿ ಇತಿಹಾಸಕ್ಕೆ ಬರವಿಲ್ಲ. ಅದು ಒಂದೇ ಗೋಡೆಯೊಳಗೆ, ಒಂದೇ ಟಿಕೆಟ್ಟಿಗೆ ಸಿಗುವುದಿಲ್ಲ, ಅಷ್ಟೆ. ಹೊಲಗಳ ನಡುವೆ, ಕೆರೆಗಳ ದಡದಲ್ಲಿ, ನೆಲಕ್ಕೆ ಅಂಟಿಕೊಂಡು ಹರಡಿಕೊಂಡಿದೆ. ಅದನ್ನು ನೋಡಲು ತಕ್ಕ ವಾಹನ ಸೈಕಲ್. ಆ ಸೈಕಲ್ಲಿಗೆ ಬೇಕಾದ, ಲಾರಿ–ಬಸ್ಸುಗಳ ಕಾಟವಿಲ್ಲದ ಹಾದಿಯ ಬಹುಪಾಲು ಈಗಾಗಲೇ ಸರ್ಕಾರದ ಕೈಯಲ್ಲಿದೆ. ನಾರಾಯಣಪುರ ಎಡದಂಡೆ ಕಾಲುವೆಯ ತಪಾಸಣಾ ರಸ್ತೆಯೇ ಆ ಹಾದಿ.

ಮೊದಲು ನೋಡುವುದೇನಿದೆ ಎಂಬುದನ್ನು ಹೇಳಬೇಕು. ಹುಣಸಗಿ ಬಳಿಯ ಇಸಾಂಪುರದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಪುರಾತತ್ವಜ್ಞ ಕೆ. ಪದ್ದಯ್ಯ ಮತ್ತು ಸಂಗಡಿಗರು ಅಗೆದು ತೆಗೆದದ್ದು ಆದಿಮಾನವನ ಕಲ್ಲಿನ ಕಾರ್ಖಾನೆಯನ್ನು. ಸುಣ್ಣದಕಲ್ಲಿನ ಚಪ್ಪಡಿಗಳನ್ನು ಒಡೆದು ಕೈಗೊಡಲಿ ಮಾಡಿಕೊಳ್ಳುತ್ತಿದ್ದ ಜಾಗ ಅದು. ಅದರ ವಯಸ್ಸು ಸುಮಾರು 12 ಲಕ್ಷ ವರ್ಷ ಎಂಬ ಅಂದಾಜಿದೆ. ಸುರಪುರ ಸೀಮೆಯ ಬೂದಿಹಾಳದಲ್ಲಿ ನವಶಿಲಾಯುಗದ ದನಗಾಹಿಗಳು ಸಗಣಿ ಸುಟ್ಟು ಬಿಟ್ಟುಹೋದ ಬೂದಿದಿಬ್ಬವಿದೆ. ರಾಜನಕೋಳೂರಿನಲ್ಲಿ ಬೃಹತ್ ಶಿಲಾಯುಗದ ಕಲ್ಮನೆಗಳಿವೆ. ಮುದನೂರು ನೇಯ್ಗೆಯ ವಚನಕಾರ ದೇವರ ದಾಸಿಮಯ್ಯನ ಊರು. ಗೋಗಿಯಲ್ಲಿ ಮೊದಲ ಆದಿಲ್‌ಶಾಹಿ ಸುಲ್ತಾನರ ಗೋರಿಗಳಿವೆ. ವಾಗಣಗೇರಾ ಕೋಟೆಯನ್ನು 1705ರಲ್ಲಿ ಮುತ್ತಿದಾಗ ಔರಂಗಜೇಬನಿಗೆ ಎಂಬತ್ತಾರು ದಾಟಿತ್ತು. ಆತ ತಾನೇ ಮುಂದೆ ನಿಂತು ನಡೆಸಿದ ಕೊನೆಯ ಮುತ್ತಿಗೆ ಈ ನೆಲದಲ್ಲೇ, ಬೇಡ ನಾಯಕರ ಎದುರು ನಡೆಯಿತು. ಸುರಪುರದ ಗುಡ್ಡದ ಮೇಲೆ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಕಟ್ಟಿಸಿದ ಬಂಗಲೆ ಇದೆ; ಅವನು ಮಗನಂತೆ ಬೆಳೆಸಿದ ರಾಜಾ ವೆಂಕಟಪ್ಪ ನಾಯಕ 1858ರಲ್ಲಿ ಬ್ರಿಟಿಷರ ವಿರುದ್ಧ ತಿರುಗಿಬಿದ್ದ ಕಥೆಯನ್ನು ಈ ಊರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ.

ಇವುಗಳ ಪೈಕಿ ಶಹಾಪುರ ಸಮೀಪದ ವಿಭೂತಿಹಳ್ಳಿಯ ಬಗ್ಗೆ ಎರಡು ಮಾತು ಹೆಚ್ಚು ಹೇಳಬೇಕು, ಯಾಕೆಂದರೆ ನನ್ನ ವಾದವೆಲ್ಲ ಅಲ್ಲಿದೆ. ಕಾರಿನಲ್ಲಿ ಹೋಗುವವರಿಗೆ ಅಲ್ಲಿ ಕಾಣುವುದು ಬಯಲಲ್ಲಿ ಚೆಲ್ಲಾಪಿಲ್ಲಿ ಬಿದ್ದ ಗುಂಡುಗಳು ಮಾತ್ರ. ಈ ಸೀಮೆಯಲ್ಲಿ ಗುಂಡುಕಲ್ಲುಗಳಿಗೇನು ಕೊರತೆಯೇ, ಯಾರೂ ಗಾಡಿ ನಿಲ್ಲಿಸುವುದಿಲ್ಲ. ನಿಧಾನ ಹೋಗುವವನಿಗೆ ಮಾತ್ರ ಒಂದು ಹಂತದಲ್ಲಿ ಕಲ್ಲುಗಳು ಸಾಲುಗೂಡುತ್ತವೆ. ಒಂದು ಸಾಲು, ಅದರ ಪಕ್ಕ ಇನ್ನೊಂದು, ಓರೆಯಾಗಿ ನೋಡಿದರೆ ಮತ್ತೊಂದು. ಸಮ ಅಂತರ ಬಿಟ್ಟು ನೂರಾರು ಬಂಡೆಗಳನ್ನು ಉರುಳಿಸಿ ತಂದು ಜೋಡಿಸಿದ್ದಾರೆ. ಯಾವ ನಂಬಿಕೆಗೋ, ಯಾರ ನೆನಪಿಗೋ, ಬೃಹತ್ ಶಿಲಾಯುಗದ ಜನ ಮಾಡಿಟ್ಟ ಕೆಲಸ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲೇ ಟೇಲರ್ ಇವುಗಳ ಬಗ್ಗೆ ಬರೆದ. ಗಂಟೆಗೆ ಎಂಬತ್ತು ಕಿ.ಮೀ. ವೇಗದ ಪ್ರವಾಸೋದ್ಯಮಕ್ಕೆ ವಿಭೂತಿಹಳ್ಳಿ ಎಂದಿಗೂ ಕಾಣಿಸುವುದಿಲ್ಲ. ಹನ್ನೆರಡು ಕಿ.ಮೀ. ವೇಗಕ್ಕೆ ಕಾಣಿಸುತ್ತದೆ.

ಆದರೆ ಇವತ್ತು ಶಹಾಪುರದಿಂದ ಸುರಪುರಕ್ಕೆ ಸೈಕಲ್ ಮೇಲೆ ಹೊರಡು ಎಂದು ಯಾರಿಗೂ ಹೇಳುವ ಧೈರ್ಯ ನನಗಿಲ್ಲ. ಸುಮಾರು ಇಪ್ಪತ್ತೈದು ಕಿ.ಮೀ. ದಾರಿಯೇನೋ ಹೌದು. ಆದರೆ ಅದು ಬೀದರ್–ಶ್ರೀರಂಗಪಟ್ಟಣ ಹೆದ್ದಾರಿ. ಹಗಲೂ ರಾತ್ರಿ ಲಾರಿಗಳು, ಹತ್ತಿ ಸುಗ್ಗಿ ಬಂತೆಂದರೆ ರಸ್ತೆಯ ಮುಕ್ಕಾಲು ಪಾಲು ನುಂಗುವ ಟ್ರ್ಯಾಕ್ಟರ್ ಟ್ರೇಲರ್‌ಗಳು, ಕೈಯೆತ್ತಿದಲ್ಲೆಲ್ಲ ಗಕ್ಕನೆ ನಿಲ್ಲುವ ಟಂಟಂಗಳು. ಅಂಚಿನ ಡಾಂಬರು ಕಿತ್ತುಹೋದ ಕಡೆ ಸೈಕಲ್ ಸವಾರನಿಗೆ ಇಳಿಯಲು ಎರೆ ಮಣ್ಣಿನ ತಗ್ಗೇ ಗತಿ. ಇಲ್ಲಿ ಸೈಕಲ್ ತುಳಿಯುವವರು ಬೇರೆ ದಾರಿ ಇಲ್ಲದವರು, ಜೀವ ಕೈಯಲ್ಲಿ ಹಿಡಿದು ಹೋಗುವವರು.

ಈಗ ಕಾಲುವೆಗೆ ಬರೋಣ. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿ ಆಲಮಟ್ಟಿಯಲ್ಲಿ ಅಡಿಗಲ್ಲಿಟ್ಟ ಕೃಷ್ಣಾ ಮೇಲ್ದಂಡೆ ಯೋಜನೆಯ ಫಲವಾಗಿ 1982ರಲ್ಲಿ ನಾರಾಯಣಪುರದ ಬಸವಸಾಗರ ಜಲಾಶಯ ತಲೆಯೆತ್ತಿತು. ಅಲ್ಲಿಂದ ಹೊರಡುವ ಎಡದಂಡೆ ಮುಖ್ಯ ಕಾಲುವೆ ಸುಮಾರು 78 ಕಿ.ಮೀ. ಉದ್ದವಿದೆ. ಮುಂದೆ ಹುಣಸಗಿ, ಶಹಾಪುರ, ಜೇವರ್ಗಿ, ಇಂಡಿ ಎಂದು ಶಾಖೆಗಳು, ಅವುಗಳಿಂದ ನೂರಾರು ಉಪಕಾಲುವೆಗಳು. ಪಂಪಿಲ್ಲದೆ, ನೀರು ತನ್ನಷ್ಟಕ್ಕೆ ತಾನೇ ಹರಿಯಬೇಕಾದ ಕಾಲುವೆ ಇದು. ಹಾಗಾಗಿ ಕಿಲೋಮೀಟರಿಗೆ ಕೆಲವೇ ಅಂಗುಲ ಇಳಿಜಾರು ಕೊಟ್ಟು, ಗುಡ್ಡ ಬಂದರೆ ಬಳಸಿ, ಹಳ್ಳ ಬಂದರೆ ಮೇಲ್ಗಾಲುವೆ ಕಟ್ಟಿ ಒಯ್ದಿದ್ದಾರೆ. ಅದರ ದಂಡೆಯ ರಸ್ತೆಗೂ ಅದೇ ಮಟ್ಟ. ಎಪ್ಪತ್ತು ವರ್ಷದ ಅಜ್ಜನೂ ಏದುಸಿರಿಲ್ಲದೆ ತುಳಿಯಬಹುದಾದ ಹಾದಿಯನ್ನು ನೀರಾವರಿ ಎಂಜಿನಿಯರುಗಳು ತಮಗರಿವಿಲ್ಲದೆಯೇ ಹಾಕಿಕೊಟ್ಟಿದ್ದಾರೆ. 2023ರ ಜನವರಿ 19ರಂದು ಪ್ರಧಾನಿ ಕೊಡೇಕಲ್‌ಗೆ ಬಂದು ಇದೇ ಕಾಲುವೆಯ ನವೀಕರಣ ಯೋಜನೆಯನ್ನು ಉದ್ಘಾಟಿಸಿದರು. ಅದಕ್ಕೆ ಖರ್ಚಾದದ್ದು ಸುಮಾರು ₹4,700 ಕೋಟಿ. ಆ ಮೊತ್ತದ ಮುಂದೆ ನಾನು ಕೇಳುತ್ತಿರುವುದು ಪುಡಿಗಾಸು: ಆಯ್ದ ಕಡೆ ದಂಡೆಗೆ ಗರಸು ಹಾಕಿ ರೋಲರ್ ಹೊಡೆಸುವುದು, ಸೈಕಲ್ ಮತ್ತು ಪಾದಚಾರಿ ಮಾತ್ರ ನುಸುಳುವಂತೆ ಕಂಬ ನೆಡುವುದು, ದಂಡೆಯಿಂದ ಯಾವ ಊರಿಗೆ, ಯಾವ ಗುಡಿಗೆ ಇಳಿಯಬಹುದು ಎಂಬ ಕನ್ನಡದ ಫಲಕ ಹಾಕುವುದು.

ಜಂಗಲ್ ಕಟಿಂಗನ್ನು ಮರೆಯುವಂತಿಲ್ಲ. ದಂಡೆಯ ತುಂಬ ಬಳ್ಳಾರಿ ಜಾಲಿ ಬೆಳೆದಿದೆ. ಒಣಗಿ ಉದುರಿದ ಅದರ ಮುಳ್ಳು ಧೂಳಿನಲ್ಲಿ ಮಣ್ಣಿನ ಬಣ್ಣಕ್ಕೇ ತಿರುಗಿ ಮಲಗಿರುತ್ತದೆ. ಟೈರನ್ನು ಲೆಕ್ಕಕ್ಕಿಡದೆ ನೇರ ಟ್ಯೂಬಿಗೆ ಇಳಿಯುತ್ತದೆ. ಕಡಿದು ಅಲ್ಲೇ ಬಿಟ್ಟರೆ ಕಡಿಯದಿದ್ದುದಕ್ಕಿಂತ ಕೇಡು. ಕಡಿದದ್ದನ್ನು ಸಾಗಿಸುವವರೆಗೂ ಬಿಲ್ ಪಾಸಾಗಬಾರದು.

ಕಾಲುವೆ ನೋಡಿಕೊಳ್ಳುವ ಕೃಷ್ಣಾ ಭಾಗ್ಯ ಜಲ ನಿಗಮದ ಆಕ್ಷೇಪ ಏನಿರಬಹುದು ಎಂದು ಊಹಿಸಬಹುದು. ತಪಾಸಣಾ ರಸ್ತೆ ಸಾರ್ವಜನಿಕ ರಸ್ತೆಯಲ್ಲ, ಗೇಟಿಗೆ ಯಾರಾದರೂ ಕೈಹಾಕಿದರೆ ಕೆಳಭಾಗದ ರೈತ ಒಣಗುತ್ತಾನೆ. ಸರದಿಯ ಮೇಲೆ ನೀರು ಬಿಡುವ ವಾರಾಬಂದಿಯ ದಿನಗಳಲ್ಲಿ ನೀರಿಗಾಗಿ ನಡೆಯುವ ಜಗಳ ಕಂಡವರು ಈ ಆತಂಕವನ್ನು ತಳ್ಳಿಹಾಕಲಾರರು. ಆದರೆ ದಂಡೆಯ ಮೇಲೆ ಟ್ರ್ಯಾಕ್ಟರ್, ಬೈಕುಗಳು ಓಡಾಡುವುದನ್ನು ಯಾರು ತಡೆದಿದ್ದಾರೆ? ದಂಡೆ ಕುಸಿಯುವುದು ಭಾರದ ಗಾಲಿಯಿಂದ, ಸೈಕಲ್ಲಿನಿಂದಲ್ಲ. ಹತ್ತು ಜನ ನಿತ್ಯ ಓಡಾಡುವ ದಂಡೆಯಲ್ಲಿ ಕಳ್ಳ ಪೈಪು ಇಳಿಸುವುದೂ ಅಷ್ಟು ಸಲೀಸಲ್ಲ.

ಜೀವಾಪಾಯದ ಪ್ರಶ್ನೆ ಮಾತ್ರ ಬೇರೆ. ಅದಕ್ಕೆ ಅರೆಬರೆ ಉತ್ತರ ಸಲ್ಲದು. ತುಂಬಿ ಹರಿಯುವ ಕಾಲುವೆ ನೋಡಲು ಸೌಮ್ಯ, ಒಳಗೆ ಬಿದ್ದರೆ ಸಿಮೆಂಟಿನ ಪಾಚಿಗಟ್ಟಿದ ಇಳಿಜಾರಿನಲ್ಲಿ ಕೈಗೆ ಹಿಡಿಯಲು ಏನೂ ಸಿಗುವುದಿಲ್ಲ. ಬಟ್ಟೆ ಒಗೆಯಲು ಹೋದ ಹೆಂಗಸರು, ಈಜಲು ಇಳಿದ ಹುಡುಗರು ಕೊಚ್ಚಿಹೋದ ಸುದ್ದಿ ನಮಗೆ ಹೊಸದಲ್ಲ. ಆದ್ದರಿಂದ ತಿರುವುಗಳಲ್ಲಿ ಕಟಕಟೆ, ಅಲ್ಲಲ್ಲಿ ಮೆಟ್ಟಿಲು ಮತ್ತು ಸರಪಳಿ, ನೀರಿನಂಚಿನಿಂದ ದೂರ ಸರಿದ ಹಾದಿ ಇಲ್ಲದೆ ಒಂದು ಕಿ.ಮೀ.ಯನ್ನೂ ತೆರೆಯಕೂಡದು. ಮೆಟ್ಟಿಲು, ಸರಪಳಿ ಸೈಕಲ್ ಬರಲಿ ಬಿಡಲಿ, ದಂಡೆಯ ಊರುಗಳಿಗೆ ಎಂದೋ ಸಿಗಬೇಕಿತ್ತು.

2011ರ ಜನಗಣತಿಯಲ್ಲಿ ಸಾಕ್ಷರತೆ ಶೇ 51.83ಕ್ಕೆ ನಿಂತು ರಾಜ್ಯದಲ್ಲೇ ಕೊನೆಯಾದ ಜಿಲ್ಲೆಗೆ, ವರ್ಷವರ್ಷ ಬೆಂಗಳೂರು–ಮುಂಬೈಗೆ ಗುಳೆ ಹೋಗುವ ಜನಕ್ಕೆ ವಿಹಾರದ ಸೈಕಲ್ ಯಾಕೆ ಎಂದು ಕೇಳುವವರಿದ್ದಾರೆ. ಕೇಳಲೇಬೇಕಾದ ಪ್ರಶ್ನೆ. ಉತ್ತರ ನಮ್ಮ ಶಾಲೆಗಳಲ್ಲಿದೆ. 2006–07ರಲ್ಲಿ ರಾಜ್ಯ ಸರ್ಕಾರ ಎಂಟನೇ ತರಗತಿ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರುಮಾಡಿತು. ಹೈಸ್ಕೂಲು ಪಕ್ಕದೂರಲ್ಲಿದ್ದರೆ ಹೆಣ್ಣುಮಕ್ಕಳ ಓದು ಏಳನೇ ತರಗತಿಗೇ ಮುಗಿಯುತ್ತಿದ್ದ ಕಾಲಕ್ಕೆ ಅದು ದೊಡ್ಡ ಆಸರೆ. ಕೋವಿಡ್ ಕಾಲದಲ್ಲಿ ಆ ವಿತರಣೆ ನಿಂತಿತು. ಆದರೆ ಸೈಕಲ್ ಕೊಟ್ಟಾಗಲೂ ಅದನ್ನು ತುಳಿಯಲು ಸುರಕ್ಷಿತ ದಾರಿ ಕೊಟ್ಟಿರಲಿಲ್ಲ. ಕಾಲುವೆ ಹಾದಿಯ ಮೊದಲ ಹಕ್ಕುದಾರರು ಆ ಮಕ್ಕಳು. ಹೊಲಕ್ಕೆ ಬುತ್ತಿ ಒಯ್ಯುವವರು, ಸಂತೆಗೆ ಹೋಗುವವರು ಅವರ ಹಿಂದೆ. ಪ್ರವಾಸಿ ಆಮೇಲೆ ಬರಲಿ. ಬಂದವನು ದಂಡೆ ಇಳಿದು ಊರಲ್ಲಿ ಚಹಾ ಕುಡಿಯುತ್ತಾನೆ, ಖಾನಾವಳಿಯಲ್ಲಿ ರೊಟ್ಟಿ–ಪುಂಡಿಪಲ್ಲೆ ಉಣ್ಣುತ್ತಾನೆ, ಪಂಕ್ಚರ್ ಹಾಕಿಸುತ್ತಾನೆ. ಕಾರಿನವನು ಇದ್ಯಾವುದಕ್ಕೂ ನಿಲ್ಲುವುದಿಲ್ಲ.

ಹೊರಗೆ ಇದು ಹೊಸ ಯೋಚನೆಯೂ ಅಲ್ಲ. ಫ್ರಾನ್ಸಿನ ಮಿಡಿ ಕಾಲುವೆಯಲ್ಲಿ ದೋಣಿ ಎಳೆಯುವ ಕುದುರೆಗಳು ನಡೆದ ದಂಡೆಯ ಮೇಲೆ ಇಂದು ಸೈಕಲ್ಲುಗಳು ಓಡುತ್ತವೆ. ಸ್ಪೇನ್ 1993ರಿಂದ ಪಾಳುಬಿದ್ದ ರೈಲುಹಾದಿಗಳನ್ನು ಸೈಕಲ್ಲಿಗೆ ತೆರೆಯುತ್ತ ಬಂದಿದೆ. ನಮ್ಮ ಹಂಪಿಯಲ್ಲೇ ಬಾಡಿಗೆ ಸೈಕಲ್ ಎಷ್ಟೋ ಮನೆಗಳ ಒಲೆ ಉರಿಸಿದೆ.

ಯಾದಗಿರಿಯ ತೊಡಕು ಒಂದಿದೆ, ಮುಚ್ಚಿಡುವುದಿಲ್ಲ. ಕಾಲುವೆ ಜಾಲ ಯಾದಗಿರಿ ಪಟ್ಟಣವನ್ನು ಮುಟ್ಟುವುದಿಲ್ಲ, ನಡುವೆ ಭೀಮಾ ನದಿ ಇದೆ. ರೈಲು ಇರುವುದೋ ಯಾದಗಿರಿಯಲ್ಲಿ. ಶಹಾಪುರ, ಸುರಪುರಕ್ಕೆ ರೈಲಿಲ್ಲ. ಬೆಂಗಳೂರಿನಿಂದ ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಸೈಕಲ್ ಹಾಕಿಕೊಂಡು ಬಂದವನು ಯಾದಗಿರಿಯ ಕೋಟೆ ಹತ್ತಿ ಇಳಿದ ಮೇಲೆ ಶಹಾಪುರದವರೆಗಿನ ಮೂವತ್ತು ಚಿಲ್ಲರೆ ಕಿ.ಮೀ. ಬಸ್ಸನ್ನೇ ಹಿಡಿಯಲಿ. ಕಲ್ಯಾಣ ಕರ್ನಾಟಕ ಸಾರಿಗೆ ಬಸ್ಸುಗಳಲ್ಲಿ ಸೈಕಲ್ ಒಯ್ಯಲು ಒಂದು ದರ, ಒಂದು ವ್ಯವಸ್ಥೆ ಗೊತ್ತುಮಾಡಿದರೆ ಸದ್ಯಕ್ಕೆ ಸಾಕು. ನದಿಗೆ ಸೇತುವೆ, ಪ್ರತ್ಯೇಕ ಪಥ ಎಂದು ಕನಸು ಹೆಣೆದರೆ ಆಗುವ ಕೆಲಸವೂ ಕಡತದಲ್ಲೇ ಉಳಿಯುತ್ತದೆ.

ಇನ್ನೊಂದು ಭಯವೂ ನನಗಿದೆ. ಯೋಜನೆ ಒಪ್ಪಿಗೆಯಾದ ಕೂಡಲೇ ಬಣ್ಣದ ಪೇವರ್ ಕಲ್ಲು, ಸ್ವಾಗತ ಕಮಾನು, ಸೆಲ್ಫಿ ಪಾಯಿಂಟ್ ಎಂದು ಅಂದಾಜುಪಟ್ಟಿ ಉಬ್ಬುತ್ತದೆ. ಸುರಪುರ ಸೀಮೆಯ ಬೋನಾಳ ಕೆರೆಯ ಹಕ್ಕಿಗಳ ಎದುರು ಧ್ವನಿವರ್ಧಕವಿಟ್ಟ ರೆಸಾರ್ಟು ಎದ್ದರೆ ಹಾದಿ ಇಲ್ಲದಿರುವುದೇ ಮೇಲು. ಇಸಾಂಪುರ, ಬೂದಿಹಾಳದಂಥ ತಾಣಗಳಿಗೆ ದುಡ್ಡು ಬೇಕಿರುವುದು ಕಾವಲಿಗೆ, ಬೇಲಿಗೆ, ತಿಳಿಸಿ ಹೇಳಬಲ್ಲ ಊರಿನ ಹುಡುಗರ ತರಬೇತಿಗೆ. ಭತ್ತಕ್ಕೆಂದು ಹೊಲ ಮಟ್ಟ ಮಾಡುವ ಜೆಸಿಬಿಯ ಒಂದು ಬಕೆಟ್ಟಿಗೆ ಲಕ್ಷ ವರ್ಷದ ಕುರುಹು ಮಣ್ಣಾಗುತ್ತದೆ. ಜನ ಬಂದು ನೋಡುತ್ತಾರೆಂದು ಗೊತ್ತಾದ ಕಲ್ಲನ್ನು ಊರು ಕಾಯುತ್ತದೆ.

ಹಿಂಗಾರಿನ ನೀರು ನಿಂತು ಕಾಲುವೆ ಖಾಲಿಯಾಗುವ ಬೇಸಿಗೆಯೇ ದುರಸ್ತಿಯ ಕಾಲ. ಮುಂದಿನ ಬೇಸಿಗೆಯ ಕಾಮಗಾರಿಗೆ ನಿಗಮದ ಭೀಮರಾಯನಗುಡಿ ಕಚೇರಿ ಟೆಂಡರ್ ಕರೆಯುವಾಗ ಹುಣಸಗಿ ಸುತ್ತಿನ ಹತ್ತು ಕಿ.ಮೀ., ಶಹಾಪುರ ಶಾಖಾ ಕಾಲುವೆಯ ಹತ್ತು ಕಿ.ಮೀ. ದಂಡೆಗೆ ಗರಸು, ಕಂಬ, ಕಟಕಟೆ, ಸರಪಳಿಯನ್ನೂ ಸೇರಿಸಲಿ. ಹಣವನ್ನು ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಕೊಡಲಿ, ಮೇಲುಸ್ತುವಾರಿಯನ್ನು ಆಯಾ ಗ್ರಾಮ ಪಂಚಾಯಿತಿ ಹೊರಲಿ. ಮುಂಗಾರಿಗೆ ಶಾಲೆ ಬಾಗಿಲು ತೆರೆಯುವ ಹೊತ್ತಿಗೆ ಈ ಇಪ್ಪತ್ತು ಕಿ.ಮೀ. ಸಿದ್ಧವಿರಬೇಕು.