ಉಕ್ರೇನಿನ ರಂಗಭೂಮಿ ಮೊದಲೇ ಕೊಟ್ಟ ಉತ್ತರ

ರಷ್ಯನ್ನರೂ ಉಕ್ರೇನಿಯನ್ನರೂ ಒಂದೇ ಜನ ಎಂದು ರಷ್ಯಾದ ಅಧ್ಯಕ್ಷ ವ್ಲಾದಿಮಿರ್ ಪುಟಿನ್ 2021ರ ಜುಲೈನಲ್ಲಿ ಸುದೀರ್ಘ ಲೇಖನವೊಂದರಲ್ಲಿ ವಾದಿಸಿದ್ದರು. ಏಳು ತಿಂಗಳ ತರುವಾಯ, 2022ರ ಫೆಬ್ರುವರಿ 24ರಂದು, ಅದೇ ‘ಒಂದೇ ಜನ’ದ ಮೇಲೆ ಅವರ ಸೇನೆ ನುಗ್ಗಿತು. ಈ ವೈರುಧ್ಯವನ್ನು ಅರಿಯಲು ನ್ಯಾಟೊ ವಿಸ್ತರಣೆ, ಅನಿಲ ಕೊಳವೆಗಳ ಚರ್ಚೆಯಷ್ಟೇ ಸಾಲದು. ಉಕ್ರೇನಿನ ನಾಟಕಗಳನ್ನೂ ನೋಡಬೇಕಾಗುತ್ತದೆ.

ಅಲ್ಲಿ ರಂಗಭೂಮಿಯೇ ಈ ಸಂಘರ್ಷದ ಒಂದು ಕಣವಾಗಿತ್ತು. 1876ರಲ್ಲಿ ತ್ಸಾರ್ ಎರಡನೆಯ ಅಲೆಕ್ಸಾಂಡರ್ ಜರ್ಮನಿಯ ಎಮ್ಸ್ ಪಟ್ಟಣದಲ್ಲಿ ಸಹಿ ಮಾಡಿದ ಆಜ್ಞೆಯು ಉಕ್ರೇನಿಯನ್ ಪುಸ್ತಕ ಮುದ್ರಣವನ್ನೂ ನಾಟಕ ಪ್ರದರ್ಶನವನ್ನೂ ನಿಷೇಧಿಸಿತು. 1881ರ ನಂತರ ನಾಟಕಗಳಿಗೆ ಅನುಮತಿ ದೊರೆಯಿತಾದರೂ, ಜೊತೆಯಲ್ಲಿ ರಷ್ಯನ್ ನಾಟಕವೊಂದನ್ನೂ ಆಡಬೇಕೆಂಬ ಷರತ್ತು ಅಂಟಿಕೊಂಡಿತು.

ಲೆಸ್ಯಾ ಉಕ್ರೈಂಕಾ 1910ರಲ್ಲಿ ಈಜಿಪ್ಟಿನಲ್ಲಿದ್ದಾಗ ಬರೆದ ‘ಬೊಯಾರಿನ್ಯಾ’ ನಾಟಕದ ಕಾಲ ಹದಿನೇಳನೆಯ ಶತಮಾನ. ಕೊಸಾಕ್ ಮನೆತನದ ಒಕ್ಸಾನಾ ಮಾಸ್ಕೋದ ಆಸ್ಥಾನದಲ್ಲಿರುವ ತನ್ನದೇ ನಾಡಿನ ಸ್ತೆಪಾನ್‌ನನ್ನು ವರಿಸುತ್ತಾಳೆ. ಮಾಸ್ಕೋದಲ್ಲಿ ಅವಳು ಮುಖ ಮುಚ್ಚಿಕೊಳ್ಳಬೇಕು, ಅಂತಃಪುರದಲ್ಲಿ ಇರಬೇಕು, ಸಂಪ್ರದಾಯದಂತೆ ಅತಿಥಿಗಳಿಗೆ ಚುಂಬನ ನೀಡಬೇಕು. ಅವಳನ್ನು ಕೊಲ್ಲುವುದು ಮಾಸ್ಕೋದವರ ಕ್ರೌರ್ಯವಲ್ಲ, ಪತಿಯ ಅಂಜಿಕೆ. ತುಕ್ಕು ಹಿಡಿದು ಒರೆಗೇ ಅಂಟಿದ ಹಳೆಯ ಕತ್ತಿಗೆ ಅವಳು ತಮ್ಮ ಬಾಳನ್ನು ಹೋಲಿಸುತ್ತಾಳೆ. 1970ರ ದಶಕದಲ್ಲಿ ಹೊರಬಂದ ಲೇಖಕಿಯ ಹನ್ನೆರಡು ಸಂಪುಟಗಳಲ್ಲಿ ಸೋವಿಯತ್ ಆಡಳಿತ ಈ ಕೃತಿಗೆ ಸ್ಥಾನ ಕೊಡಲಿಲ್ಲ.

ಮಿಕೋಲಾ ಕುಲಿಷ್ ಅವರ ‘ಮಿನಾ ಮಜೈಲೊ’ (1929) ಇದೇ ಮನೋಭಾವದ ಪ್ರಹಸನ. ಖಾರ್ಕಿವ್‌ನ ಗುಮಾಸ್ತನೊಬ್ಬ, ಜೀವನದಲ್ಲಿ ತಾನು ಹಿಂದುಳಿಯಲು ತನ್ನ ಉಕ್ರೇನಿಯನ್ ಕುಲನಾಮವೇ ಕಾರಣವೆಂದು ಬಗೆದು ‘ಮಜೇನಿನ್’ ಆಗಲು ಹೊರಡುತ್ತಾನೆ. ರಷ್ಯನ್ ಉಚ್ಚಾರಣೆ ಕಲಿಸಲು ಶಿಕ್ಷಕಿಯನ್ನೂ ಗೊತ್ತುಮಾಡುತ್ತಾನೆ. ಕುರ್ಸ್ಕ್‌ನಿಂದ ಬಂದ ನೆಂಟಳಿಗೆ ರೈಲು ನಿಲ್ದಾಣದ ಉಕ್ರೇನಿಯನ್ ಫಲಕವೇ ಅಸಹ್ಯ. ಮಗನಿಗೋ ಭಾಷೆಯ ಮೋಹ. ಕಡೆಗೆ ಹೆಸರು ಬದಲಾಗುತ್ತದೆ, ಆದರೆ ಉಕ್ರೇನೀಕರಣವನ್ನು ವಿರೋಧಿಸಿದನೆಂದು ಸರ್ಕಾರ ಅವನನ್ನು ಕೆಲಸದಿಂದ ಕಿತ್ತುಹಾಕುತ್ತದೆ. ಕುಲಿಷ್ ಕುರುಡು ಅಭಿಮಾನಿಗಳನ್ನೂ ಬಿಡದೆ ನಕ್ಕವರು. ಕೆಲವೇ ವರ್ಷಗಳಲ್ಲಿ ಸ್ತಾಲಿನ್ ಆಡಳಿತ ಆ ಉಕ್ರೇನೀಕರಣವನ್ನೇ ಕೈಬಿಟ್ಟಿತು. 1937ರ ನವೆಂಬರ್ 3ರಂದು ಕುಲಿಷ್ ಮತ್ತು ಈ ನಾಟಕವನ್ನು ರಂಗಕ್ಕೆ ತಂದ ಲೆಸ್ ಕುರ್ಬಾಸ್ ಇಬ್ಬರನ್ನೂ ಸಂದರ್ಮೋಖ್‌ನಲ್ಲಿ ಗುಂಡಿಕ್ಕಿ ಕೊಲ್ಲಲಾಯಿತು.

ಈ ಎರಡೂ ಕೃತಿಗಳಲ್ಲಿ ಗಡಿರೇಖೆ ಹಾದುಹೋಗುವುದು ಮನೆಯೊಳಗೆ: ಗಂಡ ಹೆಂಡಿರ ನಡುವೆ, ತಂದೆ ಮಗನ ನಡುವೆ. ಭಾಷೆಗಳು ಹತ್ತಿರವಾದಷ್ಟೂ, ಚಿಕ್ಕದನ್ನು ತನ್ನ ಒರಟು ರೂಪವೆಂದೇ ದೊಡ್ಡದು ಬಗೆಯುತ್ತದೆ. ಆ ತಿರಸ್ಕಾರ ಬಡ್ತಿ ಮತ್ತು ಮರ್ಯಾದೆಯ ಲೆಕ್ಕಾಚಾರವಾಗಿ ಚಿಕ್ಕವನ ಮನಸ್ಸನ್ನು ಹೊಕ್ಕಾಗ ದಬ್ಬಾಳಿಕೆಗೆ ಪೊಲೀಸರ ಅಗತ್ಯವೇ ಇರುವುದಿಲ್ಲ.

ಆಕ್ರಮಣಕ್ಕೆ ತುತ್ತಾದ ದೇಶವು ರಷ್ಯನ್ ಭಾಷೆಯನ್ನು ಶಂಕೆಯಿಂದ ಕಾಣುವುದು ಸಹಜ. ಆದರೆ ಮನೆಯಲ್ಲಿ ರಷ್ಯನ್ ಆಡುತ್ತಲೇ ಉಕ್ರೇನಿಗಾಗಿ ಹೋರಾಡಿದವರೂ ಅನೇಕರಿದ್ದಾರೆ. ಆಜ್ಞೆಯಿಂದ ಭಾಷೆ ಸಾಯುವುದಿಲ್ಲವೆಂಬುದಕ್ಕೆ 1876ರ ನಿಷೇಧವೇ ಸಾಕ್ಷಿ. ಬರಿಯ ಆಜ್ಞೆಯಿಂದ ಅಭಿಮಾನ ಹುಟ್ಟುವುದೂ ಇಲ್ಲವೆಂಬುದು ಮಜೈಲೊನ ಕಥೆ. ಮೊದಲನೆಯ ಪಾಠವನ್ನು ಮಾಸ್ಕೋ ಕಲಿಯಲಿಲ್ಲ. ಎರಡನೆಯದನ್ನು ಕೀವ್ ಮರೆಯದಿರಲಿ.