ಬಿಯರ್ ಲೋಟದಲ್ಲಿ ಮುರುಗಲು: ಬೆಟ್ಟದ ಪಾಲೆಷ್ಟು?

ಮಲೆನಾಡಿನ ಕಾಡುಹಣ್ಣುಗಳ ಮೇಲೆ ಪೇಟೆಯ ಕಣ್ಣು ಬಿದ್ದಾಗಲೆಲ್ಲ ನಾವು ಎರಡು ಬಗೆಯಲ್ಲಿ ಪ್ರತಿಕ್ರಿಯಿಸುತ್ತೇವೆ. ಬೆಲೆ ಬಂತೆಂದು ಕೆಲವರು ಹಿಗ್ಗುತ್ತಾರೆ, ಕಾಡು ಹೋಯಿತೆಂದು ಕೆಲವರು ಮರುಗುತ್ತಾರೆ. ಬೇಡಿಕೆ ಬರುವ ಮುನ್ನವೇ ಕುಳಿತು ಲೆಕ್ಕ ಹಾಕುವ ರೂಢಿ ಮಾತ್ರ ನಮ್ಮಲ್ಲಿ ಕಡಿಮೆ. ಮುರುಗಲಿನ ವಿಷಯದಲ್ಲಿ ಅಂಥ ಲೆಕ್ಕಕ್ಕೆ ಈಗ ಕಾಲ ಕೂಡಿ ಬಂದಿದೆ.

ಸ್ಥಳದಲ್ಲಿಯೇ ಬಿಯರ್ ತಯಾರಿಸಿ ಬಡಿಸುವ ಮೈಕ್ರೋಬ್ರೂವರಿಗಳಿಗೆ ಕರ್ನಾಟಕದಲ್ಲಿ 2010ರ ಅಬಕಾರಿ ನಿಯಮಗಳು ದಾರಿ ಮಾಡಿಕೊಟ್ಟವು. ಬೆಂಗಳೂರಿನಲ್ಲಿ ಇವು ಬಹುಬೇಗ ಬೇರೂರಿದವು. ಬೇಸಿಗೆಯಲ್ಲಿ ಮಾವಿನಹಣ್ಣು ಬೆರೆಸಿದ ಗೋಧಿ ಬಿಯರ್ ಅಲ್ಲಿ ಈಗ ಸಾಮಾನ್ಯ ಸಂಗತಿ. ಇಂಥದೊಂದು ಘಟಕದವರು ಇತ್ತೀಚೆಗೆ ಮುರುಗಲು ಸಿಪ್ಪೆ ನೆನೆಸಿದ ಗೋಧಿ ಬಿಯರನ್ನು ಪ್ರಯೋಗಾರ್ಥವಾಗಿ ತಯಾರಿಸಿ, ಹಣ್ಣಿನ ಬೆಳೆಗಳ ಕುರಿತು ಕೆಲಸ ಮಾಡುವವನೆಂಬ ಕಾರಣಕ್ಕೆ ನನ್ನ ಅಭಿಪ್ರಾಯ ಕೇಳಿದರು.

ನಮ್ಮ ಬಳಗದ ತಾಯಂದಿರು ಇದನ್ನೋದಿ ಹುಬ್ಬೇರಿಸಿದರೆ ಅದು ಸಹಜವೇ. ಸಾರಾಯಿ ಎಷ್ಟು ಮನೆಗಳನ್ನು ಮುರಿಯಿತೆಂಬುದನ್ನು ಕಂಡವರು ಅವರು. ರಾಜ್ಯದಲ್ಲಿ 2007ರ ಜುಲೈನಲ್ಲಿ ಸಾರಾಯಿ ನಿಷೇಧವಾದಾಗ ನೆಮ್ಮದಿಯ ಉಸಿರು ಬಿಟ್ಟವರೂ ಅವರೇ. ಈ ಬರಹ ಬಿಯರಿನ ಪ್ರಚಾರವಲ್ಲ. ಆದರೆ ನಾವು ಕುಡಿಯುವುದಿಲ್ಲ ಎಂಬ ಮಾತ್ರಕ್ಕೆ, ನಮ್ಮ ಬೆಟ್ಟದ ಹಣ್ಣು ಯಾರ ಲೋಟ ಸೇರುತ್ತದೆ, ಯಾವ ಷರತ್ತಿನ ಮೇಲೆ ಸೇರುತ್ತದೆ ಎಂದು ಕೇಳುವ ಹೊಣೆ ತಪ್ಪುವುದಿಲ್ಲ.

ರುಚಿ ಹೇಳಿದ ಸಂಗತಿ

ಗೋಧಿ ಬಿಯರಿನಲ್ಲಿ ಹಾಪ್ಸ್‌ನ ಕಹಿ ಕಡಿಮೆ. ಗೋಧಿಯ ಪ್ರೋಟೀನು ಅದಕ್ಕೆ ಮಬ್ಬನ್ನೂ ದಟ್ಟ ನೊರೆಯನ್ನೂ ಕೊಡುತ್ತದೆ. ಜರ್ಮನಿಯ ಬವೇರಿಯಾ ಪ್ರಾಂತ್ಯದ ಮಾದರಿಯ ಗೋಧಿ ಬಿಯರಿಗೆ ಬಳಸುವ ಯೀಸ್ಟ್ ಹುದುಗುವಾಗ ಐಸೊಅಮೈಲ್ ಅಸಿಟೇಟ್ ಎಂಬ ಸಂಯುಕ್ತವು ಹುಟ್ಟುತ್ತದೆ. ಬಾಳೆಹಣ್ಣಿನ ಪರಿಮಳ ಬರುವುದು ಇದರಿಂದ. ಇಂಥ ಮೃದುವಾದ ಹಿನ್ನೆಲೆಯ ಮೇಲೆ ಹಣ್ಣಿನ ಹುಳಿ ಎದ್ದು ಕಾಣುತ್ತದೆ. ಮುರುಗಲಿನ ಹುಳಿಗೆ ಮುಖ್ಯ ಕಾರಣ ಹೈಡ್ರಾಕ್ಸಿಸಿಟ್ರಿಕ್ ಆಮ್ಲ, ಕೆಂಪಿಗೆ ಕಾರಣ ಆಂಥೊಸಯಾನಿನ್. ಈ ವರ್ಣದ್ರವ್ಯವು ಆಮ್ಲೀಯ ದ್ರವದಲ್ಲಿ ಕೆಂಪಾಗಿಯೇ ನಿಲ್ಲುವುದರಿಂದ, ಹಣ್ಣು ತನ್ನ ಬಣ್ಣವನ್ನು ತಾನೇ ಕಾಯ್ದುಕೊಳ್ಳುತ್ತದೆ.

ನನ್ನ ಮುಂದಿಟ್ಟದ್ದು ಎರಡು ಮಾದರಿ. ಒಂದಕ್ಕೆ ಪೇಟೆಯ ಅಂಗಡಿಯಿಂದ ತಂದ ಸಿಪ್ಪೆ. ಮಳೆಗಾಲದ ಆರಂಭದಲ್ಲಿ ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿದ್ದೆಂದು ಮೂಸಿದೊಡನೆ ತಿಳಿಯುವಂತಿತ್ತು. ಹೊಗೆಯ ವಾಸನೆ ಹಣ್ಣಿನ ಸುವಾಸನೆಯನ್ನು ಪೂರ್ತಿ ಮುಚ್ಚಿತ್ತು. ಇನ್ನೊಂದಕ್ಕೆ ಉಪ್ಪು ಹಾಕದೆ, ಚೆನ್ನಾಗಿ ಮಾಗಿದ ಹಣ್ಣಿನಿಂದ ತೆಗೆದು ಬಿಸಿಲಿನಲ್ಲಿ ಒಣಗಿಸಿದ ಸಿಪ್ಪೆ. ಅದರಲ್ಲಿ ನಮ್ಮ ಮನೆಗಳ ಬಿರಿಂಡ ಶರಬತ್ತಿನ ತಿಳಿಯಾದ ಹುಳಿಯಿತ್ತು. ಕಾಡಿಗೆ ಹಿತವಾದ ಕ್ರಮ ಯಾವುದೋ ರುಚಿಗೆ ಹಿತವಾದ ಕ್ರಮವೂ ಅದೇ. ಮಾಗಿದ ಹಣ್ಣು ಬೇಕು, ಸೌದೆಯ ಹೊಗೆ ಬೇಡ. ಕೊಳ್ಳುವವರ ಮುಂದೆ ಷರತ್ತು ಇಡುವ ಸಂದರ್ಭ ಬಂದರೆ ನಮಗೆ ಇದೊಂದು ಬಲವಾದ ಆಧಾರ.

ಉಪ್ಪಾಗೆಯ ಪಾಠ

ಷರತ್ತು ಏಕೆ ಬೇಕೆಂಬುದಕ್ಕೆ ಮುರುಗಲಿನ ದಾಯಾದಿಯಾದ ಉಪ್ಪಾಗೆಯೇ ಸಾಕ್ಷಿ. 1990ರ ದಶಕದಲ್ಲಿ ದೇಹದ ತೂಕ ಇಳಿಸುವ ಗುಳಿಗೆಗಳಿಗಾಗಿ ವಿದೇಶಗಳಲ್ಲಿ ಉಪ್ಪಾಗೆಯ ಆಮ್ಲಕ್ಕೆ ಬೇಡಿಕೆ ಹುಟ್ಟಿತು. ಉತ್ತರ ಕನ್ನಡದ ಕಾಡುಗಳಲ್ಲಿ ಪೈಪೋಟಿ ಆರಂಭವಾಯಿತು. ನಾನು ಬಿಟ್ಟರೆ ಇನ್ನೊಬ್ಬ ಕೊಯ್ಯುತ್ತಾನೆಂಬ ಭಯಕ್ಕೆ ಕಾಯಿಯಿರುವಾಗಲೇ ಕೊಯ್ದರು. ಕೈಗೆಟುಕದ ಕಡೆ ಕೊಂಬೆಗಳನ್ನೇ ಕಡಿದರು. ಉಪ್ಪಾಗೆ ಮಾಗುವುದು ಮಳೆಗಾಲದಲ್ಲಾದ್ದರಿಂದ ಒಣಗಿಸಲು ಕಾಡಿನ ಸೌದೆಯೂ ರಾಶಿ ರಾಶಿಯಾಗಿ ಉರಿಯಿತು. ಮುಂದೆ ದರ ಕುಸಿಯಿತು. ಗುಳಿಗೆಯ ವ್ಯಾಪಾರಿ ಬೇರೆ ಸರಕಿನತ್ತ ಹೊರಳಬಲ್ಲ. ಕಡಿದ ಕೊಂಬೆ ಮತ್ತೆ ಚಿಗುರಿ ಹಣ್ಣು ಬಿಡಲು ವರ್ಷಗಳೇ ಬೇಕು.

ಪ್ರಸಿದ್ಧಿಯೊಂದೇ ಮರವನ್ನು ಉಳಿಸುತ್ತದೆ ಎಂಬ ನಂಬಿಕೆಯೂ ಸರಿಯಲ್ಲ. ಬೆಲ್ಜಿಯಂ ದೇಶದಲ್ಲಿ ಗೋಧಿ ಬೆರೆಸಿ, ಗಾಳಿಯಲ್ಲಿನ ಯೀಸ್ಟಿನಿಂದಲೇ ಹುದುಗಿಸುವ ಲ್ಯಾಂಬಿಕ್ ಎಂಬ ಬಿಯರಿದೆ. ಅದರಲ್ಲಿ ತಿಂಗಳುಗಟ್ಟಲೆ ಹುಳಿ ಚೆರ್ರಿ ನೆನೆಸಿದರೆ ಕ್ರೀಕ್ ಆಗುತ್ತದೆ. ಅದಕ್ಕೆ ಹೆಸರಾದದ್ದು ಬ್ರಸೆಲ್ಸ್ ಪಕ್ಕದ ಸ್ಕಾರ್ಬೀಕ್‌ನ ಚೆರ್ರಿ. ನಗರ ಬೆಳೆದು ಸ್ಕಾರ್ಬೀಕನ್ನು ನುಂಗಿತು, ತೋಪುಗಳು ಹೋದವು. ಕ್ರೀಕ್ ಇಂದಿಗೂ ಪ್ರಸಿದ್ಧವಾಗಿಯೇ ಇದೆ, ಆದರೆ ಬಹುತೇಕ ಬೇರೆ ಕಡೆಯ ಚೆರ್ರಿಗಳಿಂದ. ಪೇಯ ಉಳಿದರೂ ಹಣ್ಣಿನ ಊರು ಉಳಿಯಲಿಲ್ಲ.

ಒಂದು ರೂಪಾಯಿಯ ಲೆಕ್ಕ

ಲೀಟರಿಗೆ 5 ಗ್ರಾಂ ಒಣಸಿಪ್ಪೆ ಎಂದು ಹಿಡಿಯೋಣ. 1000 ಲೀಟರಿಗೆ ಬೇಕಾಗುವುದು 5 ಕಿಲೋ ಮಾತ್ರ. ಅರ್ಧ ಲೀಟರಿನ ಲೋಟದಲ್ಲಿ ಎರಡೂವರೆ ಗ್ರಾಂ. ಸಿಪ್ಪೆಗೆ ಕಿಲೋ ಒಂದಕ್ಕೆ 400 ರೂಪಾಯಿ ಎಂದು ಭಾವಿಸಿದರೂ, ನೂರಾರು ರೂಪಾಯಿಗೆ ಮಾರುವ ಆ ಲೋಟದಲ್ಲಿ ಬೆಟ್ಟದ ಪಾಲು 1 ರೂಪಾಯಿ. ಆಯುವವರಿಗೆ ಇಮ್ಮಡಿ ದರ ಕೊಟ್ಟರೆ ಅದು 2 ರೂಪಾಯಿಯಾದೀತು. ಆದುದರಿಂದ ‘ಹೆಚ್ಚು ಕೊಟ್ಟರೆ ನಮಗೆ ಗಿಟ್ಟುವುದಿಲ್ಲ’ ಎಂಬ ಮಾತನ್ನು ನಾವು ಒಪ್ಪಬೇಕಿಲ್ಲ. ಕೇಳುವವರು ಒಗ್ಗಟ್ಟಾಗಿಲ್ಲದಿರುವುದರಿಂದ ಕೊಡುವವರು ಕೊಡುತ್ತಿಲ್ಲ, ಅಷ್ಟೇ.

ಇಷ್ಟು ಅಲ್ಪ ಪ್ರಮಾಣಕ್ಕೆ ಆತಂಕವೇಕೆ ಎನ್ನಬಹುದು. ಒಂದು ಘಟಕದ ಪ್ರಯೋಗದಿಂದ ಅಪಾಯವಿಲ್ಲ, ನಿಜ. ಆದರೆ ರುಚಿ ಹತ್ತಿದರೆ ಬಾಟಲಿ ತುಂಬುವ ದೊಡ್ಡ ಕಾರ್ಖಾನೆಗಳು ಬರುತ್ತವೆ. ಅವುಗಳ ಹಿಂದೆ, ಹಣ್ಣು ಮಾಗಿದೆಯೇ ಎಂದು ಕೇಳದ ದಲ್ಲಾಳಿಯೂ ಬರುತ್ತಾನೆ. ಷರತ್ತು ಬರೆಯಬೇಕಾದದ್ದು ಬೇಡಿಕೆ ಚಿಕ್ಕದಿರುವಾಗ.

ಏನು ಮಾಡಬೇಕು?

ಮೊದಲನೆಯದಾಗಿ, ಮಾಗಿದ ಹಣ್ಣನ್ನು ಮಾತ್ರ ಆಯಬೇಕು; ಕೊಂಬೆಗೆ ಕತ್ತಿ ತಾಗಬಾರದು; ಮಂಗ, ಹಕ್ಕಿಗಳಿಗೂ ಬೀಜ ಬೀಳುವುದಕ್ಕೂ ಒಂದು ಪಾಲನ್ನು ಮರದಲ್ಲಿಯೇ ಬಿಡಬೇಕು. ಎರಡನೆಯದಾಗಿ, ಊರಿಗೊಂದು ಬಿಸಿಲು ಒಣಗಿಸುವ ಮನೆ ಬೇಕು. ಅದರ ವೆಚ್ಚದಲ್ಲಿ ಕೊಳ್ಳುವವರೂ ಪಾಲು ಹೊರಲಿ. ಮೂರನೆಯದಾಗಿ, ಪೂರೈಕೆಯ ಭಾರ ಕಾಡಿನಿಂದ ನಮ್ಮ ಬೇಣ, ಬೆಟ್ಟಗಳಿಗೆ ಇಳಿಯಬೇಕು. ಮುರುಗಲಿನಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ಬೀಜದ ಸಸಿ ಯಾವುದೆಂದು ಹೂ ಬಿಡುವತನಕ ತಿಳಿಯದು. ಒಳ್ಳೆಯ ಫಸಲಿನ ಹೆಣ್ಣು ಮರದಿಂದ ಕಡ್ಡಿ ತಂದು ಕಸಿ ಕಟ್ಟಿದರೆ ಈ ಅನಿಶ್ಚಯ ನೀಗುತ್ತದೆ. ಪರಾಗಕ್ಕೆ ಅಲ್ಲೊಂದು ಇಲ್ಲೊಂದು ಗಂಡು ಮರವಿದ್ದರೆ ಸಾಕು.

ಕಾನೂನಿನ ಬಲವೂ ಇಲ್ಲದಿಲ್ಲ. 2002ರ ಜೀವವೈವಿಧ್ಯ ಕಾಯಿದೆಯು ಪ್ರತಿ ಸ್ಥಳೀಯ ಸಂಸ್ಥೆಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕೆಂದು ವಿಧಿಸಿತು. 2006ರ ಅರಣ್ಯ ಹಕ್ಕು ಕಾಯಿದೆಯು ಅರ್ಹ ಅರಣ್ಯವಾಸಿಗಳಿಗೆ ಕಿರು ಅರಣ್ಯ ಉತ್ಪನ್ನಗಳ ಒಡೆತನವನ್ನು ಮಾನ್ಯ ಮಾಡಿತು. ಕಾಗದದಲ್ಲಿರುವ ಸಮಿತಿಯನ್ನು ಕೆಲಸಕ್ಕೆ ಎಳೆಯುವವರು ನಾವೇ.

ವಿದ್ಯಾರ್ಥಿ ಮಿತ್ರರಲ್ಲಿ ಒಂದು ವಿನಂತಿ. ನಿಮ್ಮ ಊರಿನ ಕಾನು, ಬೆಟ್ಟಗಳಲ್ಲಿ ಫಸಲು ಕೊಡುವ ಮುರುಗಲು ಮರಗಳೆಷ್ಟು, ಗಂಡು ಎಷ್ಟು, ಬಿಳಿ ಮುರುಗಲು ಎಲ್ಲಿದೆ, ಕಳೆದ ಹಂಗಾಮಿನಲ್ಲಿ ಯಾರು ಯಾವ ದರಕ್ಕೆ ಕೊಟ್ಟರು ಎಂಬುದನ್ನು ಈ ರಜೆಯಲ್ಲಿ ಬರೆದಿಡಿ. ಹಿರಿಯರು ಆ ಪಟ್ಟಿಯನ್ನು ಗ್ರಾಮಸಭೆಯ ಮುಂದಿಟ್ಟು, ಆಯುವ ನಿಯಮವನ್ನೂ ಕನಿಷ್ಠ ದರವನ್ನೂ ಠರಾವಾಗಿ ಬರೆಸಲಿ. ಮುರುಗಲು ಮಾಗುವುದು ಏಪ್ರಿಲ್, ಮೇ ತಿಂಗಳಲ್ಲಿ. ದಲ್ಲಾಳಿ ಊರಿಗೆ ಬರುವ ಮುನ್ನ ಆ ಠರಾವು ಪಂಚಾಯಿತಿಯ ಗೋಡೆಯ ಮೇಲಿರಲಿ.