ಮನೆಗೆ ಚಳಿಯಾದರೆ ಒಲೆ ಹಿಗ್ಗಿಸಬೇಕೇ?

ಕೆಲವು ವರ್ಷಗಳಿಂದ ಮಲೆನಾಡು ಮತ್ತು ಕೊಡಗಿನ ಊರುಗಳಲ್ಲಿ ಹೊಸದೊಂದು ಬೇಡಿಕೆ ಕೇಳಿಬರುತ್ತಿದೆ. ಮಳೆಗಾಲದಲ್ಲಿ ಮನೆಯನ್ನು ಬೆಚ್ಚಗಿಡಲು ಇರುವ ಒಲೆ ಸಾಲದು, ಇನ್ನೂ ದೊಡ್ಡದು ಬೇಕು. ಹೋಂಸ್ಟೇ ನಡೆಸುವ ಕೆಲವರು ಗೋಡೆ ಒಡೆದು ಫೈರ್‌ಪ್ಲೇಸ್ ಕೂಡಿಸುತ್ತಿದ್ದಾರೆ. ಅನುಕೂಲಸ್ಥರು ಹಿಮಾಲಯದ ಕಡೆಯ ಬುಖಾರಿಯ ಚಿತ್ರ ತೋರಿಸಿ, ಅಂಥದೇ ಕಬ್ಬಿಣದ ಒಲೆಯನ್ನು ಪೇಟೆಯ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಲು ಹೊರಟಿದ್ದಾರೆ. ಅಷ್ಟು ಕೈಲಾಗದವರು ಬಚ್ಚಲ ಒಲೆಯ ಬಾಯಿಯನ್ನೇ ಅಗಲಿಸಿ, ಸೀಳದ ಕೊರಡುಗಳನ್ನು ಹಾಗೆಹಾಗೆಯೇ ತುರುಕುತ್ತಾರೆ.

ಚಳಿ ಕಾಯಿಸಿಕೊಳ್ಳುವ ಆಸೆಯನ್ನು ಷೋಕಿ ಎಂದು ಹಳಿಯುವುದು ನನ್ನ ಉದ್ದೇಶವಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅದರ ಬಹುಪಾಲು ನಾಲ್ಕೇ ತಿಂಗಳಲ್ಲಿ. ಉಷ್ಣಮಾಪಕ 20 ಡಿಗ್ರಿ ತೋರಿಸಿದರೂ ಹಾಸಿಗೆ ಥಂಡಿ, ಉಟ್ಟ ಬಟ್ಟೆ ಥಂಡಿ, ಗೋಡೆಯ ಮೇಲೆ ಬೂಷ್ಟು. ಉಬ್ಬಸದ ಹಿರಿಯರು, ಬಾಣಂತಿ, ಹಸುಗೂಸು ಇರುವ ಮನೆಗೆ ಬಿಸಿಯೆಂಬುದು ಅನ್ನದಷ್ಟೇ ಅಗತ್ಯ. ಗಾಳಿಮಳೆಗೆ ವಿದ್ಯುತ್ ತಂತಿ ಹರಿದು ದಿನಗಟ್ಟಲೆ ಕತ್ತಲಲ್ಲಿರುವವರಿಗೆ ಕರೆಂಟಿನ ಹೀಟರ್ ಕೊಳ್ಳಿರೆಂದು ಹೇಳುವುದೂ ಸುಲಭವಲ್ಲ. ಬಿಸಿ ಬೇಕು, ಅದು ಸೌದೆಯಿಂದಲೇ ಬರಬೇಕಾಗಬಹುದು. ಒಲೆ ದೊಡ್ಡದಾದಷ್ಟೂ ಮನೆ ಬೆಚ್ಚಗಾಗುತ್ತದೆ ಎಂಬ ನಂಬಿಕೆಯ ಬಗ್ಗೆ ಮಾತ್ರ ನನ್ನ ತಕರಾರು.

ಈ ನಂಬಿಕೆಯನ್ನು ಇಡೀ ಒಂದು ಬೆಟ್ಟಸಾಲಿನ ಮೇಲೆ ಪ್ರಯೋಗಿಸಿ ನೋಡಿದ ಚರಿತ್ರೆ ನಮ್ಮ ಗಡಿಗೆ ಅಂಟಿಕೊಂಡೇ ಇದೆ. ಗುಂಡ್ಲುಪೇಟೆ, ಬಂಡೀಪುರ ದಾಟಿ ಘಾಟಿ ಹತ್ತಿದರೆ ಸಿಗುವ ನೀಲಗಿರಿಯಲ್ಲಿ, 2200 ಮೀಟರಿಗೂ ಮಿಕ್ಕ ಎತ್ತರದ ಉದಕಮಂಡಲದ ಸುತ್ತಮುತ್ತ, ಡಿಸೆಂಬರ್–ಜನವರಿಯ ರಾತ್ರಿಗಳಲ್ಲಿ ಹುಲ್ಲಿನ ಮೇಲೆ ಹಿಮದ ಪುಡಿ ಕೂರುವುದುಂಟು. 1820ರ ದಶಕದಲ್ಲಿ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ ಅಲ್ಲಿ ಮನೆ ಕಟ್ಟಿಸಿದ. ಅವನ ಹಿಂದೆ ಅಧಿಕಾರಿಗಳೂ ಸೈನಿಕರೂ ತೋಟಗಾರರೂ ಬಂದರು. ತಮ್ಮ ದೇಶದ ರೂಢಿಯಂತೆ ಬಂಗಲೆ ಕಟ್ಟಿ, ಕೋಣೆಗಳ ಗೋಡೆಯಲ್ಲಿ ತೆರೆದ ಬೆಂಕಿಗೂಡು ಇಟ್ಟುಕೊಂಡರು. ಉರಿಸಲು ಸೌದೆ ಬೇಕಾಯಿತು. ಕಣಿವೆಗಳಲ್ಲಿದ್ದ ಶೋಲಾ ಕಾಡು ಕೈಗೆಟುಕುವಂತಿತ್ತು, ಕಡಿದರು. ಶೋಲಾದ ಮರಗಳು ಗಿಡ್ಡ, ಬೆಳವಣಿಗೆ ಬಲು ನಿಧಾನ. ಕೆಲವೇ ದಶಕಗಳಲ್ಲಿ ಊರಿನ ಹತ್ತಿರದ ಶೋಲಾಗಳು ಬರಿದಾಗಿ ಸೌದೆಗೆ ಅಭಾವ ತಲೆದೋರಿತು.

ಆಗ ಅವರು ಒಲೆಯನ್ನೂ ಮನೆಯನ್ನೂ ಬದಲಿಸಲಿಲ್ಲ, ಮರವನ್ನು ಬದಲಿಸಿದರು. ಬೇಗ ಬೆಳೆಯುವ ಯೂಕಲಿಪ್ಟಸ್, ಅಕೇಶಿಯಗಳು ಆಸ್ಟ್ರೇಲಿಯದಿಂದ ಬಂದವು. ಯೂಕಲಿಪ್ಟಸ್ ಆ ಬೆಟ್ಟಕ್ಕೆ ಬಂದದ್ದು 1843ರಲ್ಲಿ. ಮುಂದೆ ಉರುವಲಿಗಾಗಿಯೇ ಅದರ ನೆಡುತೋಪುಗಳು ಎದ್ದವು. (ಭಾರತದ ಮೊದಲ ಯೂಕಲಿಪ್ಟಸ್ ಸಸಿಗಳನ್ನು ಸುಮಾರು 1790ರಲ್ಲಿ ನಂದಿಬೆಟ್ಟದಲ್ಲಿ ನೆಡಿಸಿದವನು ಟಿಪ್ಪುಸುಲ್ತಾನ ಎಂದು ಅರಣ್ಯದ ಪುಸ್ತಕಗಳು ಹೇಳುತ್ತವೆ. ಆದರೂ ನಮ್ಮ ಬಾಯಲ್ಲಿ ಆ ಮರದ ಹೆಸರೇ ‘ನೀಲಗಿರಿ’ ಎಂದಾಯಿತು. ಪರದೇಶದ ಮರಕ್ಕೆ ಅದು ಆಕ್ರಮಿಸಿದ ಬೆಟ್ಟದ ಹೆಸರು!) ಮರವಿಲ್ಲದ ಹುಲ್ಲುಗಾವಲು ‘ಪಾಳು’ ಎಂದು ಅವರಿಗೆ ಕಂಡಿತು, ಅಲ್ಲಿಯೇ ನೆಟ್ಟರು. 20ನೆಯ ಶತಮಾನದಲ್ಲಿ ಚರ್ಮ ಹದಮಾಡುವ ತೊಗಟೆಗಾಗಿ, ರೇಯಾನ್ ತಿರುಳಿಗಾಗಿ ಈ ನೆಡುತೋಪು ಇನ್ನಷ್ಟು ಹಬ್ಬಿತು. ಎಲ್ಲ ಪಾಪವನ್ನೂ ಬೆಂಕಿಗೂಡಿನ ತಲೆಗೆ ಕಟ್ಟಲಾಗದು. ಆದರೆ ಬಾಗಿಲು ತೆರೆದದ್ದು ಅದೇ.

ಹುಲ್ಲುಗಾವಲು ಹೋದರೆ ಏನಾಗುತ್ತದೆಂಬುದನ್ನು ಅಲ್ಲಿಯೇ ಅಳೆದಿದ್ದಾರೆ. ನೀಲಗಿರಿಯ ಗ್ಲೆನ್‌ಮಾರ್ಗನ್‌ನಲ್ಲಿ ಅಕ್ಕಪಕ್ಕದ ಎರಡು ಕಿರು ಜಲಾನಯನಗಳನ್ನು ಆರಿಸಿ, 1970ರ ದಶಕದಿಂದ ವಿಜ್ಞಾನಿಗಳು ಅಧ್ಯಯನ ನಡೆಸಿದರು. ಒಂದನ್ನು ಇದ್ದಂತೆಯೇ ಬಿಟ್ಟು ಇನ್ನೊಂದರಲ್ಲಿ ಯೂಕಲಿಪ್ಟಸ್ ನೆಟ್ಟರು. ನೆಟ್ಟ ಕಡೆ ಮೊದಲ ಸುತ್ತಿನ 10 ವರ್ಷಗಳಲ್ಲಿ ಹರಿದುಬರುವ ನೀರು ಸರಾಸರಿ ಶೇಕಡಾ 16ರಷ್ಟು ಕುಗ್ಗಿತು. ಆ ಬೆಟ್ಟದ ನೀರು ಮೋಯಾರ್, ಭವಾನಿಗಳ ಮೂಲಕ ಕಾವೇರಿಗೆ ಸೇರುವಂಥದು. ಒಂದು ಕೋಣೆ ಬೆಚ್ಚಗಾಗಲೆಂದು ಹಚ್ಚಿದ ಬೆಂಕಿಗೂ ದೂರದ ಬಯಲಿನ ಗದ್ದೆಯ ನೀರಿಗೂ ಹೀಗೆ ನಂಟು ಬಿತ್ತು.

ಅದೇ ಬೆಟ್ಟದಲ್ಲಿ, ಅದೇ ಚಳಿಯಲ್ಲಿ, ಬಂಗಲೆಗಳಿಗಿಂತ ಬಹಳ ಹಿಂದಿನಿಂದ ಎಮ್ಮೆ ಸಾಕಿಕೊಂಡು ತೋಡರು ಬಾಳಿದ್ದರು. ಅವರ ಹಳೆಯ ಗುಡಿಸಲು ಅಡ್ಡ ಮಲಗಿಸಿದ ಅರ್ಧ ಪೀಪಾಯಿಯಂತೆ. ಬಿದಿರು ಬೆತ್ತಗಳ ಮೇಲೆ ದಪ್ಪನೆಯ ಹುಲ್ಲಿನ ಹೊದಿಕೆ, ಅದು ನೆಲದವರೆಗೂ ಇಳಿಯುತ್ತದೆ. ಬಾಗಿಲು ಸುಮಾರು ಮೂರಡಿ ಎತ್ತರ, ತೆವಳಿಕೊಂಡೇ ಒಳಹೋಗಬೇಕು. ಕಿಟಕಿಯಿಲ್ಲ. ಒಳಗೊಂದು ಪುಟ್ಟ ಒಲೆ ಮತ್ತು ಮಲಗುವ ಜಗಲಿ. ಇಷ್ಟರಲ್ಲೇ ಮನೆ ಬೆಚ್ಚಗಾಗುತ್ತಿತ್ತು. ಇದನ್ನು ಹೊಗಳುವ ಭರದಲ್ಲಿ ಒಳಗಿನ ಹೊಗೆಯನ್ನು ಮರೆಯಬಾರದು. ಆ ಹೊಗೆ ಕುಡಿದ ಹೆಂಗಸರ ಕಣ್ಣು, ಪುಪ್ಪುಸಗಳ ಲೆಕ್ಕ ಯಾರೂ ಇಟ್ಟಿಲ್ಲ. ಮೂರಡಿ ಬಾಗಿಲ ಮನೆಗೆ ಹಿಂದಿರುಗಿರೆಂದು ನಾನು ಹೇಳುತ್ತಿಲ್ಲ. ಚಳಿಯ ಪ್ರಶ್ನೆಗೆ ತೋಡರು ಮನೆಯಿಂದ ಉತ್ತರ ಕೊಟ್ಟರು, ಬಂಗಲೆಯವರು ಬೆಂಕಿಯಿಂದ ಕೊಟ್ಟರು ಎಂಬುದಷ್ಟನ್ನು ಗಮನಿಸಬೇಕು.

ಈಗ ಒಲೆಯೊಳಗೆ ನಡೆಯುವುದೇನೆಂದು ನೋಡೋಣ. ವಿದ್ಯಾರ್ಥಿ ಮಿತ್ರರು ಇದನ್ನು ಮನೆಯಲ್ಲಿ ಹಿರಿಯರಿಗೆ ವಿವರಿಸಿದರೆ ಒಳ್ಳೆಯದು. ಕಟ್ಟಿಗೆ ಕಾದಾಗ ಅದರ ತೂಕದ ಮುಕ್ಕಾಲು ಪಾಲಿನಷ್ಟು ಅನಿಲವಾಗಿ ಹೊರಡುತ್ತದೆ. ಕಾವು ಸಾಕಷ್ಟು ಏರಿ, ಸುಮಾರು 600 ಡಿಗ್ರಿಯ ಆಸುಪಾಸಿಗೆ ಬಂದು, ಗಾಳಿಯೂ ದೊರೆತರೆ ಮಾತ್ರ ಆ ಅನಿಲ ಪೂರ್ತಿ ಉರಿಯುತ್ತದೆ. ಇಲ್ಲವಾದರೆ ಹೊಗೆಯಾಗಿ ಹೋಗುತ್ತದೆ. ಹೊಗೆಯೆಂದರೆ ನಾವು ಹೊತ್ತು ತಂದು, ಉರಿಸದೆ ಆಕಾಶಕ್ಕೆ ಬಿಟ್ಟ ಸೌದೆಯೇ. ಸಣ್ಣ ಕೋಣೆಯಲ್ಲಿ ದೊಡ್ಡ ಮುಚ್ಚೊಲೆ ಇಟ್ಟರೆ ಅರ್ಧ ಗಂಟೆಯಲ್ಲಿ ಸೆಕೆ ತಡೆಯಲಾಗದು. ಗಾಳಿಯ ಕಿಂಡಿ ಮುಚ್ಚುತ್ತೇವೆ. ಬೆಂಕಿ ಉಸಿರುಗಟ್ಟಿ ಹೊಗೆಯಾಡುತ್ತದೆ. ಆ ಹೊಗೆ ತಣ್ಣನೆಯ ಕೊಳವೆಯಲ್ಲಿ ಡಾಂಬರಿನಂತೆ ಅಂಟಿಕೊಳ್ಳುತ್ತದೆ. ಹಾಗೆ ಅಂಟಿದ ಜಿಡ್ಡಿಗೆ ಒಂದು ದಿನ ಕಿಡಿ ತಗುಲಿದರೆ ಕೊಳವೆಯೇ ಹೊತ್ತಿ ಉರಿದು ಮಾಡಿಗೆ ಬೆಂಕಿ ಬೀಳುತ್ತದೆ. ಅದೇ ಕೋಣೆಯಲ್ಲಿ ಚಿಕ್ಕ ಒಲೆ ಗಾಳಿ ತುಂಬಿಕೊಂಡು ಧಗಧಗಿಸಿದರೆ ಕಡಿಮೆ ಸೌದೆಗೆ ಹೆಚ್ಚು ಬಿಸಿ.

ಗೋಡೆಯಲ್ಲಿನ ತೆರೆದ ಬೆಂಕಿಗೂಡಿನ ಕಥೆ ಇನ್ನೂ ಕೆಟ್ಟದ್ದು. ಅದರ ಶಾಖದಲ್ಲಿ ಕೋಣೆಗೆ ದಕ್ಕುವುದು ಹತ್ತರಲ್ಲಿ ಒಂದೋ ಒಂದೂವರೆಯೋ ಪಾಲು. ಒಳ್ಳೆಯ ಮುಚ್ಚೊಲೆಯಲ್ಲಿ ಆರೇಳು ಪಾಲು ದಕ್ಕೀತು. ತೆರೆದ ಬೆಂಕಿ ಕೋಣೆಯ ಬೆಚ್ಚನೆಯ ಗಾಳಿಯನ್ನೇ ಮೇಲಕ್ಕೆ ಎಳೆದುಕೊಂಡು ಹೋಗುತ್ತದೆ. ಅದರ ಜಾಗಕ್ಕೆ ಬಾಗಿಲ ಸಂದಿಯಿಂದ ಚಳಿಗಾಳಿ ನುಗ್ಗುತ್ತದೆ. ಎದುರು ಕುಳಿತವರ ಮುಖ ಬಿಸಿ, ಬೆನ್ನು ಕೊರೆತ. ಬೆಂಕಿ ದೊಡ್ಡದು ಮಾಡಿದಷ್ಟೂ ಎಳೆತ ಜಾಸ್ತಿ. ಅಮೆರಿಕದಲ್ಲಿ ಹುಟ್ಟಿ ಯುರೋಪಿನಲ್ಲಿ ನೆಲೆಸಿದ್ದ ವಿಜ್ಞಾನಿ ಕೌಂಟ್ ರಮ್‌ಫರ್ಡ್ ಇದನ್ನು ಕಂಡುಕೊಂಡು 1796ರಷ್ಟು ಹಿಂದೆಯೇ ಬರೆದಿದ್ದ. ಅವನು ಸೂಚಿಸಿದ ಪರಿಹಾರ ಬೆಂಕಿಗೂಡನ್ನು ಕಿರಿದು ಮಾಡಿ, ಅದರ ಗಂಟಲನ್ನು ಬಿಗಿಮಾಡುವುದು. ನಮ್ಮಲ್ಲಿಯೂ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರ ಮುಂದಾಳ್ತನದಲ್ಲಿ ಹುಟ್ಟಿದ ‘ಅಸ್ತ್ರ’ ಕೇಂದ್ರ ರೂಪಿಸಿದ ಅಡುಗೆ ಒಲೆ ಇದೇ ದಾರಿಯದು: ಬಾಯಿಗೆ ಮುಚ್ಚಳ, ಅಳೆದು ಬಿಡುವ ಗಾಳಿ, ಪಾತ್ರೆಗೆ ಒತ್ತಿದ ಉರಿ, ಹೊಗೆಗೆ ಕೊಳವೆ. ಸೌದೆಯನ್ನು ಸಣ್ಣದಾಗಿ ಸೀಳಬೇಕು, ಕೊಳವೆಯ ಮಸಿ ತೆಗೆಯಬೇಕು ಎಂಬ ಬೇಸರಕ್ಕೆ ಅದನ್ನು ಒಡೆದುಹಾಕಿದ ಮನೆಗಳೂ ಇವೆ. ಒಲೆ ಯಾವುದಿರಬೇಕೆಂದು ತೀರ್ಮಾನಿಸುವ ಗಂಡಸರು ಒಂದು ವಾರ ಒಲೆಯ ಮುಂದೆ ಕೂತು ನೋಡಿದರೆ ಈ ಬೇಸರಕ್ಕೆ ಬೇರೆ ಮದ್ದು ಸಿಗುತ್ತಿತ್ತೇನೋ.

ನಮ್ಮ ಮನೆಗಳು ತಣ್ಣಗಾದದ್ದಕ್ಕೆ ಒಲೆ ಚಿಕ್ಕದಾದದ್ದು ಕಾರಣವಲ್ಲ. ಹಳೆಯ ಮನೆಯ ಒಳಕೋಣೆಗೆ ಹಲಗೆಯ ಮೇಲೆ ಮಣ್ಣು ಮೆತ್ತಿದ ಮುಚ್ಚಿಗೆ ಇರುತ್ತಿತ್ತು. ಅದರ ಮೇಲೆ ಅಟ್ಟ, ಅದರ ಮೇಲೆ ಹೆಂಚಿನ ಮಾಡು. ಬಿಸಿಗಾಳಿ ಮೇಲೇರುವುದು ಅದರ ಗುಣ. ಮುಚ್ಚಿಗೆ ಅದನ್ನು ತಡೆಯುತ್ತಿತ್ತು. ಈಗ ತಗಡಿನ ಮಾಡು, ಅದರಡಿಯಲ್ಲಿ ಏನೂ ಇಲ್ಲ. ಅಥವಾ ನಾಲ್ಕೈದು ಅಂಗುಲದ ಕಾಂಕ್ರೀಟ್ ತಾರಸಿ, ಜೂನ್‌ನಲ್ಲಿ ನೆನೆದರೆ ಅಕ್ಟೋಬರ್‌ವರೆಗೆ ನೆನೆದೇ ಇರುವಂಥದು. ಅಂಥ ಸೂರಿನಡಿ ಎಂಥ ಒಲೆ ಹಚ್ಚಿದರೂ ನಾವು ಕಾಯಿಸುವುದು ಮಳೆಯನ್ನು.

ಗೋಡೆಯ ವಿಷಯ ಇನ್ನೂ ಮುಖ್ಯ. ಹಳಬರು ಮಾಡನ್ನು ಗೋಡೆಯಿಂದಾಚೆಗೆ ಚೆನ್ನಾಗಿ ಚಾಚುತ್ತಿದ್ದರು. ಮಳೆ ಬಡಿಯುವ ದಿಕ್ಕಿಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು. ಇಂದು ಪೇಟೆಯ ನಕ್ಷೆ ನೋಡಿ ಕಟ್ಟಿದ ಮನೆಗೆ ಚಾಚು ಒಂದೂವರೆ ಅಡಿ. ತಟ್ಟಿ ಕಟ್ಟಿದರೆ ಬಣ್ಣದ ಗೋಡೆ ಕಾಣುವುದಿಲ್ಲವೆಂಬ ಚಿಂತೆ! ಜಂಬಿಟ್ಟಿಗೆ, ಸಿಮೆಂಟ್ ಬ್ಲಾಕುಗಳು ನೀರು ಕುಡಿಯುತ್ತವೆ. ಆ ನೀರು ಒಳಗಿನಿಂದ ಆರುವಾಗ ಕೋಣೆಯ ಶಾಖವನ್ನು ಹೀರುತ್ತದೆ. ಲೆಕ್ಕ ಹಾಕಿ ನೋಡಿ: ಗೋಡೆಯಿಂದ ಒಂದು ಲೀಟರ್ ನೀರು ಆವಿಯಾಗಲು ಬೇಕಾಗುವ ಶಾಖವು, ತೆರೆದ ಬೆಂಕಿಗೂಡಿನಲ್ಲಿ ಒಂದು ಕಿಲೋ ಸೌದೆ ಸುಟ್ಟಾಗ ಕೋಣೆಗೆ ದಕ್ಕುವ ಶಾಖಕ್ಕೆ ಹೆಚ್ಚುಕಡಿಮೆ ಸಮ. ಹೊರಗಿನಿಂದ ನೂರು ಲೀಟರ್ ಕುಡಿದ ಗೋಡೆಯನ್ನು ಒಳಗಿನಿಂದ ಒಲೆ ಹಾಕಿ ಒಣಗಿಸಹೊರಟವರು ಒಂದು ಕ್ವಿಂಟಲ್ ಸೌದೆ ಸುಡಬೇಕು. ಹತ್ತು ಸೋಗೆ ತಟ್ಟಿಗೆ ಬೀಳುವ ಖರ್ಚೆಷ್ಟು?

ಸೌದೆಯೊಳಗಿನ ನೀರೂ ಇದೇ ಲೆಕ್ಕಕ್ಕೆ ಸೇರಬೇಕು. ಆಗತಾನೆ ಕಡಿದ ಮರದ ತೂಕದಲ್ಲಿ ಅರ್ಧದಷ್ಟು ನೀರು. 10 ಕಿಲೋ ಹಸಿ ಸೌದೆ ಒಲೆಗೆ ಹಾಕಿದರೆ 5 ಕಿಲೋ ನೀರನ್ನೂ ಹಾಕಿದಂತಾಯಿತು. ಅದು ಆರುವವರೆಗೆ ಒಲೆ ಕಾವು ಹಿಡಿಯುವುದಿಲ್ಲ. ಬೇಸಿಗೆಯಲ್ಲೇ ಸೀಳಿ, ಗಾಳಿಯಾಡುವಂತೆ ಅಡ್ಡಡ್ಡ ಒಟ್ಟಿ, ಸೂರಿನಡಿ ಇಟ್ಟ ಸೌದೆಯ ತೇವ ಐದರಲ್ಲೊಂದು ಪಾಲಿಗೆ ಇಳಿಯುತ್ತದೆ. ಒಲೆ ದೊಡ್ಡದಾದ ಮನೆಗಳಲ್ಲಿ ನಡೆಯುವುದು ಇದಕ್ಕೆ ತದ್ವಿರುದ್ಧ. ಒಟ್ಟಿದ ರಾಶಿ ಆಗಸ್ಟ್ ಹೊತ್ತಿಗೆ ಮುಗಿದು ಹಸಿ ಮರ ಹುಡುಕಿಕೊಂಡು ಬೆಟ್ಟ ಹತ್ತುತ್ತಾರೆ.

‘ನಮ್ಮ ತೋಟದ್ದೇ ಸಿಲ್ವರ್ ಓಕ್ ಇದೆ, ಕಾಫಿಗಿಡ ಚಾಟಿ ಮಾಡಿದ ಕಡ್ಡಿ ಇದೆ, ಕಾಡಿಗೆ ನಾವು ಹೋಗುವುದಿಲ್ಲ’ ಎಂದು ಕೆಲವರು ಹೇಳುತ್ತಾರೆ. ಒಪ್ಪುವ ಮಾತು. ಆದರೆ ತೋಟವಿಲ್ಲದ ಕೂಲಿಯವರ ಮನೆಗೆ ಸೌದೆ ಬರುವುದು ಊರ ಹಿಂದಿನ ಕಾಡಿನಿಂದ, ಸೊಪ್ಪಿನ ಬೆಟ್ಟದಿಂದ, ಹೆಂಗಸರ ತಲೆಯ ಮೇಲೆ. ತೋಟದವರು ತಮ್ಮಲ್ಲಿ ಬಿದ್ದ ಕಡ್ಡಿಯನ್ನು ಮೊದಲು ಅವರಿಗೆ ಬಿಡುತ್ತಿದ್ದ ಪದ್ಧತಿ ಎಷ್ಟೋ ಕಡೆ ಇತ್ತು. ತೋಟದ ಒಲೆ ದೊಡ್ಡದಾದರೆ ಆ ಕಡ್ಡಿಯೂ ಅಲ್ಲಿಗೇ ಹೋಗುತ್ತದೆ. ಇನ್ನು ಹೋಂಸ್ಟೇಗಳ ತೆರೆದ ಬೆಂಕಿಗೂಡುಗಳ ಬಗ್ಗೆ ನನ್ನ ಅಭಿಪ್ರಾಯ ನೇರವಾದದ್ದು: ಅದು ಚಳಿಗೆ ಹಚ್ಚಿದ ಬೆಂಕಿಯಲ್ಲ, ಫೋಟೋಗೆ ಹಚ್ಚಿದ್ದು. ಅಂಥವನ್ನು ಪಂಚಾಯಿತಿಗಳು ಪ್ರಶ್ನಿಸಬೇಕು.

ಹಾಗಾದರೆ ಮಾಡಬೇಕಾದದ್ದೇನು? ಇಡೀ ಮನೆಯನ್ನು ಕಾಯಿಸುವ ಹಂಬಲ ಬಿಟ್ಟು, ಹಿರಿಯರೂ ಮಕ್ಕಳೂ ಇರುವ ಒಂದು ಕೋಣೆಯನ್ನು ಆರಿಸಿಕೊಳ್ಳಬೇಕು. ಅದಕ್ಕೆ ಮುಚ್ಚಿಗೆ ಹಾಕಿಸಬೇಕು. ಹಲಗೆ ದುಬಾರಿಯಾದರೆ ಬಿದಿರ ತಟ್ಟಿಯ ಮೇಲೆ ಮಣ್ಣು ಮೆತ್ತಿದರೂ ನಡೆದೀತು. ಮಳೆಯ ದಿಕ್ಕಿಗೆ ತಟ್ಟಿ, ಬಾಗಿಲ ಅಡಿಗೆ ಗೋಣಿ. ಇಷ್ಟಾದ ಮೇಲೂ ಚಳಿಯೆನಿಸಿದರೆ ಆ ಕೋಣೆಯ ಅಳತೆಗೆ ತಕ್ಕ ಚಿಕ್ಕ ಮುಚ್ಚೊಲೆ, ಮಾಡಿನಿಂದಾಚೆಗೆ ಏರಿದ ಹೊಗೆಕೊಳವೆ. ಒಂದು ಎಚ್ಚರಿಕೆ ತಪ್ಪಬಾರದು: ಸಂದಿ ಮುಚ್ಚಿದ ಕೋಣೆಯಲ್ಲಿ ಕೊಳವೆಯಿಲ್ಲದ ಕೆಂಡದ ಅಗ್ಗಿಷ್ಟಿಕೆ ಇಟ್ಟುಕೊಂಡು ಮಲಗಬಾರದು. ಹೊಗೆ ಕಾಣದಿದ್ದರೂ ಕೆಂಡದಿಂದ ಕಾರ್ಬನ್ ಮಾನಾಕ್ಸೈಡ್ ಹೊರಡುತ್ತದೆ. ಅದಕ್ಕೆ ವಾಸನೆಯಿಲ್ಲ, ನಿದ್ದೆಯಲ್ಲೇ ಜೀವ ತೆಗೆಯುತ್ತದೆ. ಒಲೆಗೆ ಗಾಳಿ ಬರುವ ಕಿಂಡಿಯೊಂದನ್ನು ಬಿಟ್ಟೇ ಉಳಿದ ಸಂದಿ ಮುಚ್ಚಬೇಕು.

ಸರ್ಕಾರದಿಂದ ಕೇಳಬೇಕಾದದ್ದೂ ಇದೆ. ವಸತಿ ಯೋಜನೆಯಡಿ ಮಲೆನಾಡಿನಲ್ಲಿ ಕಟ್ಟುವ ಮನೆಗೆ ಮೂರಡಿ ಚಾಚು ಮತ್ತು ಮುಚ್ಚಿಗೆಗೆಂದು ಪ್ರತ್ಯೇಕ ಹಣ ಇಡಬೇಕೆಂದು ಗ್ರಾಮಸಭೆಗಳಲ್ಲಿ ಠರಾವು ಮಾಡಬಹುದು. ಸೌದೆ ಡಿಪೋದ ದರ ಇಳಿಸಿರೆಂದು ಕೇಳುವುದಕ್ಕಿಂತ ಇದು ಹೆಚ್ಚು ಕಾಲ ಉಳಿಯುವ ಬೇಡಿಕೆ.

ವಿದ್ಯಾರ್ಥಿಗಳಿಗೆ ಒಂದು ಕೆಲಸ. ಈ ಮಳೆಗಾಲದಲ್ಲಿ ನಿಮ್ಮ ಕೇರಿಯ ಐದು ಮನೆಗಳಲ್ಲಿ ವಾರಕ್ಕೊಂದು ದಿನ ಒಲೆಗೆ ಹೋಗುವ ಸೌದೆಯನ್ನು ತಕ್ಕಡಿಯಲ್ಲಿ ತೂಗಿ. ಬೆಳಿಗ್ಗೆ, ರಾತ್ರಿ ಕೋಣೆಯ ಉಷ್ಣತೆ ಬರೆದಿಡಿ. ಮಾಡು ಎಂಥದು, ಮುಚ್ಚಿಗೆ ಇದೆಯೇ, ತಟ್ಟಿ ಕಟ್ಟಿದ್ದಾರೆಯೇ ಎಂಬುದನ್ನೂ ಗುರುತಿಸಿ. ಮುಂದಿನ ಬೇಸಿಗೆಯಲ್ಲಿ ಯಾವುದಾದರೂ ಒಂದು ಮನೆಯವರನ್ನು ಒಪ್ಪಿಸಿ ಮುಚ್ಚಿಗೆ ಹಾಕಿಸಿ, ಮರುವರ್ಷ ಮತ್ತೆ ತೂಗಿ. ಆ ಅಂಕಿಗಳನ್ನು ಈ ಪತ್ರಿಕೆಗೆ ಕಳಿಸಿ.